ಹದಿನೈದು ನಿಮಿಷಕ್ಕೊಂದು ಸೊನ್ನೆ

ಯಶವಂತನಗರದ ಗಣಿ ಕಂಪನಿಯೊಂದರ ಬಸ್ಸನ್ನು ಇಪ್ಪತ್ತು ವರ್ಷದಿಂದ ಓಡಿಸುತ್ತಿದ್ದೇನೆ. ಇವತ್ತಿನವರೆಗೆ ಒಂದು ನಾಯಿಗೂ ತಾಗಿಸಿಲ್ಲ. ಇದನ್ನು ಕೇಳದವರಿಗೂ ಹೇಳುತ್ತೇನೆ, ಅದೇ ನನ್ನ ರೋಗ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಫೋನ್ ಹಿಡಿದ ಲಾರಿಯವನು ಎದುರಾದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೈಯದೆ ಬಿಟ್ಟವನಲ್ಲ. ಅಂಥ ನಾನು ಮಾಡಿದ ಕೆಲಸ ಇದು.

ನನಗೊಂದು ಹುಚ್ಚಿದೆ. ಭಾನುವಾರ ಹೊಸಪೇಟೆಯ ಕಂಪ್ಯೂಟರ್ ರಿಪೇರಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ವಿಮಾನ ಹಾರಿಸುತ್ತೇನೆ. ನಿಜದ್ದಲ್ಲ, ಕಂಪ್ಯೂಟರಿನದು. ಅದೂ ಇಂದಿನ ಜೆಟ್ ಅಲ್ಲ. ಗರಗರ ತಿರುಗುವ ಎರಡು ಪಂಖದ, ನಮ್ಮ ತಾತನ ಕಾಲದ ಡಕೋಟಾ. ಇದನ್ನು ಅಲ್ಲಿ ಸೇರುವ ನಮ್ಮ ನಾಲ್ಕೈದು ಜನರಿಗೆ ಹಚ್ಚಿದವರು ಸಂಡೂರಿನ ಕಾಕಾ. ವಾಯುಪಡೆಯಲ್ಲಿ ವಿಮಾನದ ಮೀಟರುಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಕಾಲಲ್ಲಿ ಒತ್ತುವ ಪೆಡಲನ್ನು ಹಳೆಯ ಹೊಲಿಗೆ ಯಂತ್ರದಿಂದ ಮಾಡಿಕೊಟ್ಟವರೂ ಅವರೇ.

ಹಳೆಯ ವಿಮಾನದ ಆಟೊಪೈಲಟ್ ಎಂದರೆ ಗುಂಡಿ ಒತ್ತಿ ನಿದ್ದೆ ಹೊಡೆಯುವ ಸಾಮಾನಲ್ಲ. ಮೊದಲು ವಿಮಾನವನ್ನು ಕೈಯಿಂದಲೇ ನೆಟ್ಟಗೆ ಮಾಡಬೇಕು. ಆಮೇಲೆ ಮೀಟರಿನ ಗುರುತುಗಳನ್ನು ಒಂದಕ್ಕೊಂದು ಕೂಡಿಸಿ ನಿಧಾನಕ್ಕೆ ಹಚ್ಚಬೇಕು. ಅದರೊಳಗೆ ತಿರುಗುವ ಚಕ್ರ ಹೊತ್ತು ಕಳೆದಂತೆ ಜಾರುತ್ತದೆ, ಅದರ ಜೊತೆ ದಿಕ್ಕೂ ಜಾರುತ್ತದೆ. ಹಾಗಾಗಿ ಹದಿನೈದು ನಿಮಿಷಕ್ಕೊಮ್ಮೆ ಕಂಪಾಸ್ ನೋಡಿ, ಎಷ್ಟು ಡಿಗ್ರಿ ಜಾರಿದೆ ಎಂದು ಪುಸ್ತಕದಲ್ಲಿ ಬರೆದು, ಸರಿಮಾಡಬೇಕು. ಇದು ಕಾಕಾರ ಕಾನೂನು.

"ಇದು ಕಣ್ಣಿಲ್ಲದ ಎತ್ತು ಲೇ," ಎನ್ನುತ್ತಿದ್ದರು ಕಾಕಾ. "ನೀ ಸಾಲಿಗೆ ಹಚ್ಚಿದ್ರ ನೆಟ್ಟಗ ಹೋಗತೈತಿ. ಹೊಲ ಎಲ್ಲಿ ಮುಗೀತು, ಬಾವಿ ಎಲ್ಲೈತಿ, ಅದಕ್ಕ ಗೊತ್ತಿಲ್ಲ."

ನಮ್ಮಲ್ಲಿ ಹೊಸದಾಗಿ ಸೇರಿದವಳು ಎಮ್ಮಿಗನೂರಿನ ಒಬ್ಬ ಹೆಣ್ಣುಮಗಳು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಭತ್ತದ ತೇವ ಅಳೆದು ಬರೆಯುವುದು ಅವಳ ಕೆಲಸ. ಭಾನುವಾರ ಬಸ್ಸು ಹಿಡಿದು ಬರುತ್ತಿದ್ದಳು. ನನ್ನನ್ನು ಅಣ್ಣಾರ ಎನ್ನುತ್ತಿದ್ದಳು.

ಹೊಸಪೇಟೆಯ ಕಾಲೇಜೊಂದರ ವಿಜ್ಞಾನ ಪ್ರದರ್ಶನದಲ್ಲಿ ಡಕೋಟಾ ಹಾರಿಸಿ ತೋರಿಸಲು ಕಾಕಾರಿಗೆ ಕರೆ ಬಂತು. "ನಾಲ್ಕು ಭಾನುವಾರ ಬಳ್ಳಾರಿಯಿಂದ ಬೆಳಗಾವಿಗೆ ಹಾರಿಸ್ರಿ. ಯಾರ ಪುಸ್ತಕ ಚಲೋ ಇರತೈತಿ, ಅವ್ರು ಅಲ್ಲಿ ಕುಂದರ್ಲಿ," ಎಂದರು. ಅವಳ ಮುಖ ಅರಳಿದ್ದು ಕಂಡೆ. ಮೊನ್ನೆ ಬಂದವಳು ಅಲ್ಲಿ ಕೂತರೆ ನನ್ನ ಇಪ್ಪತ್ತು ವರ್ಷದ ಕೈಗೇನು ಬೆಲೆ ಎಂದು ಹೊಟ್ಟೆಯಲ್ಲಿ ಉರಿ ಎದ್ದಿತು. ಸುಳ್ಳೇಕೆ ಹೇಳಲಿ, ಶುರುವಾಗಿದ್ದು ಅಲ್ಲಿಂದಲೇ.

ಆ ಕಂಪ್ಯೂಟರಿನಲ್ಲಿ ಇನ್ನೊಂದು ಸೌಕರ್ಯವಿದೆ. ಒಂದು ಗುಂಡಿ ಒತ್ತಿದರೆ ಹಳೆಯ ವಿಮಾನಕ್ಕೆ ಈಗಿನ ಕಾಲದ ಆಟೊಪೈಲಟ್ ಬರುತ್ತದೆ. ದಾರಿ, ಎತ್ತರ ಎಲ್ಲ ಅದೇ ನೋಡಿಕೊಳ್ಳುತ್ತದೆ. ಕಾಕಾ ಸಂಡೂರಿನಿಂದ ಬರುವುದು ನಾಲ್ಕು ಗಂಟೆಗೆ. ನನ್ನ ಸರದಿ ಎರಡಕ್ಕೆ, ಆಗ ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಆ ಗುಂಡಿ ಒತ್ತಿ, ಕೆಳಗಿಳಿದು ಹೋಗಿ, ಮಿರ್ಚಿ ಮಂಡಕ್ಕಿ ತಿಂದು, ಚಹಾ ಕುಡಿದು ಬರುವಷ್ಟರಲ್ಲಿ ವಿಮಾನ ಧಾರವಾಡ ದಾಟಿರುತ್ತಿತ್ತು. ಆಮೇಲೆ ಕೂತು ಹದಿನೈದು ನಿಮಿಷಕ್ಕೊಂದರಂತೆ ಸೊನ್ನೆ ಬರೆಯುತ್ತಿದ್ದೆ. ನಾಲ್ಕು ಭಾನುವಾರವೂ ಅಷ್ಟೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುವ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಅವಳ ಪುಸ್ತಕದಲ್ಲಿ ಮೂರು ಡಿಗ್ರಿ, ಐದು, ಎರಡು, ಮತ್ತೆ ನಾಲ್ಕು. ಒಂದು ಸಲ ಬೆಳಗಾವಿ ಹುಡುಕಲು ಹೋಗಿ ಗೋಕಾಕದ ಕಡೆ ಹೊರಳಿದ್ದನ್ನೂ ಬರೆದಿದ್ದಳು. ನಾನು ಎಲ್ಲರೆದುರು ನಕ್ಕೆ. "ಏನವ್ವಾ ಇದು, ಕುಡುದು ಹಾರಿಸಿದಂಗೈತಿ!"

ಕಾಕಾ ನನ್ನ ಸೊನ್ನೆಗಳ ಮೇಲೆ ಬೆರಳಾಡಿಸಿ, "ಒಂದು ಡಿಗ್ರಿನೂ ಜಾರಿಲ್ಲೇನು?" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ಹಸಿ ಕಳ್ಳ. ನಾನು ಪಳಗಿದವನು, ಕೈ ಅಲುಗಲಿಲ್ಲ. "ಹದಿನೈದು ನಿಮಿಷ ಯಾರು ಕಾಯ್ತಾರ ಕಾಕಾ? ನಾ ಐದು ನಿಮಿಷಕ್ಕೊಮ್ಮೆ ನೋಡಿ ಸರಿ ಮಾಡ್ತೀನಿ. ಬಸ್ಸಿನ ಕೈ ಇದು," ಎಂದೆ. ನಾಯಿಗೂ ತಾಗಿಸದ ಡ್ರೈವರನ ಮಾತನ್ನು ಅವರು ನಂಬಿದರು, ಪ್ರದರ್ಶನಕ್ಕೆ ನನ್ನನ್ನೇ ಆರಿಸಿದರು.

ಅವಳೂ ನಂಬಿದಳು. "ಅಣ್ಣಾರ, ನಿಮ್ಮ ಪುಸ್ತಕ ಒಂದು ವಾರ ಕೊಡ್ರಿ, ನೋಡಿ ಕಲೀತೀನಿ," ಎಂದು ಕೇಳಿದಳು. ಕೊಟ್ಟೆ. ಕೊಡುವಾಗ ನಾಚಿಕೆಯಾಯಿತು, ಆದರೂ ಕೊಟ್ಟೆ.

ಪ್ರದರ್ಶನದ ದಿನ ಬೆಳಗಾವಿಯಿಂದ ಬಳ್ಳಾರಿಗೆ ಹಾರಾಟ. ಕಂಪ್ಯೂಟರನ್ನು ಕಾಕಾ ತಾವೇ ಸಿದ್ಧಮಾಡಿದ್ದರು, ಆ ಸುಲಭದ ಗುಂಡಿ ಇರಲಿಲ್ಲ. ಗುರುತು ಕೂಡಿಸಿ ಆಟೊಪೈಲಟ್ ಹಚ್ಚಿದೆ. ಕೈಗೆ ಮೈಕ್ ಕೊಟ್ಟರು, ಎದುರಿಗೆ ವಿದ್ಯಾರ್ಥಿಗಳು. ಅಷ್ಟು ಸಾಕಾಯಿತು ನನಗೆ. ಇಪ್ಪತ್ತು ವರ್ಷದ ಬಸ್ಸಿನ ಪುರಾಣ ಬಿಚ್ಚಿದೆ. ಕಂಪಾಸ್ ನೋಡುವ ಅಭ್ಯಾಸವೇ ನನಗೆ ಆಗಿರಲಿಲ್ಲ. ತಿಂಗಳಿಡೀ ನೋಡಿದ್ದರೆ ತಾನೇ?

ಪರದೆಯ ತುಂಬ ಮೋಡ ಕವಿಯಿತು. ಬಳ್ಳಾರಿ ಹತ್ತಿರ ಬಂತೆಂದು ಗಡಿಯಾರ ನೋಡಿ ವಿಮಾನವನ್ನು ಕೆಳಗಿಳಿಸತೊಡಗಿದೆ. ಹಿಂದೆ ನಿಂತಿದ್ದ ಅವಳು ಬಗ್ಗಿ, "ಅಣ್ಣಾರ, ಕಂಪಾಸ್ ಒಂಚೂರು ನೋಡ್ರಿ," ಎಂದು ಮೆಲ್ಲಗೆ ಹೇಳಿದಳು.

"ಸುಮ್ನಿರವ್ವಾ, ನನಗ ಗೊತ್ತೈತಿ," ಎಂದೆ. ಮೈಕಿನಲ್ಲೇ ಎಂದೆ. ಎಲ್ಲರೂ ನಕ್ಕರು.

ಮೋಡ ಹರಿದಾಗ ಎದುರಿಗೆ ಸಂಡೂರಿನ ಗುಡ್ಡವಿತ್ತು. ನಾನು ದಿನವೂ ಬಸ್ಸು ಹತ್ತಿಸುವ ಗುಡ್ಡ. ವಿಮಾನ ಮೇಲೆತ್ತಲು ಕೋಲು ಎಳೆಯುವಷ್ಟರಲ್ಲಿ ಅದು ಗುಡ್ಡಕ್ಕೆ ಬಡಿದು ಪರದೆ ಕೆಂಪಾಯಿತು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು.

"ಕಂಪ್ಯೂಟರ್ ಹ್ಯಾಂಗ್ ಆತ್ರಿ," ಎಂದು ಅವಳು ಮುಂದೆ ಬಂದು ಹೇಳಿದಳು. ನನ್ನ ಮಾನ ಉಳಿಸಲು ಅವಳಾಡಿದ ಸುಳ್ಳು ಅದು. ಆಗ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ವೈರುಗಳನ್ನು ಸುತ್ತುತ್ತಾ ಕಾಕಾ ನನ್ನೊಬ್ಬನಿಗೇ ಕೇಳುವಂತೆ ಹೇಳಿದರು: "ಐದು ನಿಮಿಷಕ್ಕೊಮ್ಮೆ ನೋಡಾಂವ ನೀನು. ಇವತ್ತ ಒಂದು ಸಲನೂ ಯಾಕ ನೋಡ್ಲಿಲ್ಲ?"

ನಿಜ ಹೇಳಲು ಬಾಯಿ ತೆರೆದರೆ, ಅವರು ಕೈ ಅಡ್ಡ ಮಾಡಿದರು. "ನನಗ ಹೇಳಬ್ಯಾಡ. ಆಕಿ ನಿನ್ನ ಪುಸ್ತಕ ನೋಡಿ ಕಲ್ತಾಳ. ಆಕಿಗೆ ಹೇಳು."

ನನ್ನ ರಜೆಯ ದಿನ ಕಂಪ್ಲಿಗೆ ಹೋದೆ. ಗಿರಣಿಯ ಬಾಗಿಲ ಬಳಿ ತೇವದ ಮೀಟರು ಹಿಡಿದು ಭತ್ತದ ಚೀಲಗಳ ನಡುವೆ ನಿಂತಿದ್ದಳು. ಒಂದು ಚೀಲದ ಮೇಲೆ ಕೂತು ಗುಂಡಿ, ಮಿರ್ಚಿ, ಸೊನ್ನೆ, ಎಲ್ಲ ಹೇಳಿದೆ. ಬೈದುಬಿಡಲಿ ಎಂದುಕೊಂಡಿದ್ದೆ. ಬೈಗುಳಕ್ಕೆ ಉತ್ತರ ಕೊಡಲು ನನಗೆ ಬರುತ್ತದೆ.

ಅವಳು ಬೈಯಲಿಲ್ಲ. ಕೈಚೀಲದಿಂದ ತನ್ನ ಪುಸ್ತಕ ತೆಗೆದು ನನ್ನ ಮುಂದೆ ಬಿಡಿಸಿದಳು. ಮೂರು, ಐದು, ಎರಡು, ನಾಲ್ಕು. ಒಂದೊಂದರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ 'ನನ್ನ ತಪ್ಪು' ಎಂದು ಬರೆದುಕೊಂಡಿದ್ದಳು.

"ಹಂಗಾದ್ರ ಇವು ಎಲ್ಲಾ ಸರಿ ಇದ್ವೇನ್ರಿ?"

"ಸರಿ ಇದ್ದವು ತಂಗಿ. ನಿಂದ ಖರೇ ಪುಸ್ತಕ."

ಅವಳು ಪೆನ್ನು ತೆಗೆದು ಮೊದಲನೆಯ 'ನನ್ನ ತಪ್ಪು' ಹೊಡೆದುಹಾಕಿದಳು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ನಾನು ಬರುತ್ತೇನೆಂದು ಎದ್ದು ನಿಂತಾಗ ತಲೆ ಎತ್ತದೆಯೇ ಹೇಳಿದಳು:

"ಕುಂದ್ರಿ ಅಣ್ಣಾರ. ಇನ್ನೂ ಭಾಳ ಅದಾವು."