ಆ ಪಾಠ ಮುಗಿಯುವವರೆಗೆ

ಸುಜಾತಾ, ನಿನ್ನ ಅಪ್ಪ ಸಾಯುವ ಮುನ್ನ ನೀನು ಅವರ ಮುಖ ನೋಡಬಹುದಿತ್ತು. ಅದನ್ನು ತಪ್ಪಿಸಿದವನು ನಾನು — ನಿನ್ನ ಮೇಷ್ಟ್ರು.

ಹೊಸಪೇಟೆಯ ನಮ್ಮ ಕಾಲೇಜಿಗೆ ಅಂದು ತಪಾಸಣೆಯ ಸಮಿತಿ ಬಂದಿತ್ತು. ಅವರ ಮುಂದೆ ಫೋನು ಸದ್ದು ಮಾಡಬಾರದೆಂದು ನಿಮ್ಮೆಲ್ಲರ ಫೋನುಗಳನ್ನು ಒಂದು ಚೀಲಕ್ಕೆ ತುಂಬಿಸಿ ನನ್ನ ಕೋಣೆಯಲ್ಲಿಟ್ಟಿದ್ದೆ. ಪಾಠಕ್ಕೆ ಹೊರಟಾಗ ನಿನ್ನದು ಬಿಡದೆ ಅದುರುತ್ತಿತ್ತು. ಎತ್ತಿದೆ. ಸಂಡೂರಿನಿಂದ ನಿನ್ನ ಸೋದರಮಾವ.

“ಸರ್, ಸುಜಾತಾನ್ನ ಜಲ್ದಿ ಕಳಿಸ್ರಿ. ಅವರಪ್ಪಗ ಮೈನ್ಸಿನಾಗ ಭಾಳ ಪೆಟ್ಟಾಗೈತಿ. ಉಸುರೈತಿ… ಮಗಳೆಲ್ಲಿ ಅಂತ ಕೇಳಾಕತ್ತಾರ.”

ಕಳಿಸುತ್ತೇನೆ ಎಂದೆ. ಕಳಿಸಲಿಲ್ಲ. ಇದೊಂದು ಪಾಠ ಮುಗಿದುಬಿಡಲಿ ಅಂತ — ಸಮಿತಿಯ ಮುಂದೆ ಧೈರ್ಯವಾಗಿ ಬಾಯಿ ಬಿಡುವವಳು ನೀನೊಬ್ಬಳೇ, ನನಗೋ ಹೆಸರು ಗಳಿಸುವ ಹಪಾಹಪಿ.

ಪಾಠವಾದರೂ ಎಂಥದ್ದು! ಹಳೆಯ ಸಣ್ಣಕಥೆಯೊಂದರಲ್ಲಿ ವ್ಯಂಗ್ಯದ ಬಗೆಗಳು. ಯುದ್ಧಕ್ಕೆ ಹೋದ ಮಗ ಬರುತ್ತಾನೆಂದು ತಾಯಿ ಅಂಗಿ ಹೊಲಿಯುತ್ತಾಳೆ. ಅವನು ಸತ್ತಿರುವುದು ಓದುಗರಿಗೆ ಮೊದಲೇ ಗೊತ್ತು. ಇದು ಯಾವ ವ್ಯಂಗ್ಯ ಎಂದು ನಿನ್ನನ್ನೇ ಕೇಳಿದೆ. ನೀನು ನಗುತ್ತಾ ಎದ್ದು ನಿಂತೆ.

“ನಾಟಕೀಯ ವ್ಯಂಗ್ಯ, ಸರ್. ಪಾಪ, ಆಕಿ ಒಬ್ಬಾಕಿಗೇ ಗೊತ್ತಿಲ್ಲ. ನೋಡೋರಿಗೆ ಗೊತ್ತೈತಿ.”

ಸಮಿತಿಯವರು ತಲೆದೂಗಿದರು. ನಾನು ಶಭಾಷ್ ಎಂದೆ. ಅಷ್ಟಕ್ಕೇ ಬಿಡದೆ, ಇನ್ನೊಂದು ಬಗೆ ಹೇಳು ನೋಡೋಣ ಎಂದೆ — ದೇವರೇ, ಯಾವ ಬಾಯಿಂದ ಅಂದೆನೋ…

ಪಾಠ ಮುಗಿದ ಮೇಲೆ ನನ್ನ ಕಾರಿನಲ್ಲೇ ಸಂಡೂರಿಗೆ ಕರೆದೊಯ್ದೆ. ಆಸ್ಪತ್ರೆಯ ಬಾಗಿಲಲ್ಲಿ ನಿನ್ನ ಮಾವ ಅಳುತ್ತಾ ನಿಂತಿದ್ದರು.

“ಈಗಿನ್ನ ಹೋದ್ರವ್ವ. ನಿನ್ನ ಹೆಸರು ಹಿಡದು ಕರಕೋತನ ಹೋದ್ರು.”

ಯಾಕಿಷ್ಟು ತಡ ಎಂದು ಅವರು ನನ್ನನ್ನು ಕೇಳಿದರು. ಸಮಿತಿಗೆ ಊಟ ತರಲು ಕಾರು ಕಡ್ಡಿರಾಂಪುರಕ್ಕೆ ಹೋಗಿತ್ತು, ಅದು ಬರುವತನಕ ಹುಡುಗಿಯನ್ನು ಗಾಬರಿಪಡಿಸುವುದು ಬೇಡವೆಂದು ಸುಮ್ಮನಿದ್ದೆ ಎಂದೆ. ನಿನ್ನ ಮಾವ ಕೈ ಮುಗಿದರು. ನೀನೂ ನಂಬಿದೆ.

ಈಗ ನೀನೇ ಕಂಪ್ಲಿಯಲ್ಲಿ ಉಪನ್ಯಾಸಕಿ. ಹೋದ ವಾರ ನಿನ್ನ ತರಗತಿಗೆ ನನ್ನನ್ನು ಕರೆಸಿದೆ. ಅದೇ ಕಥೆ, ಅದೇ ಪಾಠ. ನನ್ನತ್ತ ಕೈ ತೋರಿಸಿ ಹುಡುಗರಿಗೆ ಹೇಳಿದೆ: “ನಮ್ಮಪ್ಪನ ಸುದ್ದಿ ಎದಿಯಾಗ ಇಟ್ಕೊಂಡು, ಕಾರು ಬರೋತನಕ ನನ್ನ ನಗಿಸಿಕೋತ ಪಾಠ ಮಾಡಿದ್ರು. ಗೊತ್ತಿದ್ದೋರ ಸಂಕಟ ಎಷ್ಟಿರ್ತೈತಿ ನೋಡ್ರಿ.” ಆಮೇಲೆ ನನ್ನ ಕಾಲಿಗೆ ನಮಸ್ಕರಿಸಿದೆ. ನಾನು ಆಶೀರ್ವಾದವನ್ನೂ ಮಾಡಿದೆ.

ಇನ್ನು ತಡೆಯಲಾರೆ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಆ ಹುಡುಗರಿಗೂ ನಿಜ ಹೇಳು. ಕಾರು ಎಲ್ಲಿಗೂ ಹೋಗಿರಲಿಲ್ಲ, ಸುಜಾತಾ. ನೀನು ಉತ್ತರ ಹೇಳುವಾಗ ಅದು ಕಿಟಕಿಯ ಹೊರಗೆ ಬೇವಿನ ಮರದ ಕೆಳಗೇ ನಿಂತಿತ್ತು. ಕೀಲಿ ನನ್ನ ಜೇಬಿನಲ್ಲಿತ್ತು.