ಭಟ್ಟಿಹಾಳದ ಬೋರ್ಡು, ಬಂದರಿನ ಬಸ್ಸು

ಕತಾರ್ ದೇಶದ ಉಮ್ಮ್ ಸಲಾಲ್‌ನ ಕಾರ್ಮಿಕರ ವಸತಿಯ ಮುಂದೆ ಇನ್ನೂ ಮಬ್ಬುಗತ್ತಲು. ಬಸ್ಸಿನ ಗಾಜಿನ ಮೇಲೆ ಕೂತ ಮರಳುಧೂಳನ್ನು ದ್ಯಾಮಣ್ಣ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಟೈರುಗಳನ್ನು ಕಾಲಿನಿಂದ ತಟ್ಟಿ ನೋಡಿ, ಜೇಬಿನ ಫೋನು ತೆಗೆದು ಸೀಟಿನ ಹಿಂದಿರುವ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ. ಹಮದ್ ಬಂದರು ಮುಟ್ಟುವವರೆಗೆ ಆ ಡಬ್ಬಿ ತೆರೆಯುವುದಿಲ್ಲ. ಸ್ಟೇರಿಂಗ್ ಹಿಡಿದ ಮೊದಲ ದಿನದಿಂದಲೂ ಇದೇ ರೂಢಿ. ಈ ಭಾನುವಾರ ಮಾತ್ರ ಮುಚ್ಚಳ ಒತ್ತುವ ಕೈ ಒಂದು ಗಳಿಗೆ ತಡೆಯುತ್ತದೆ. ಗದಗ ಜಿಲ್ಲೆಯ ಅವರ ಊರಿನಲ್ಲಿ, ಹೊಲಕ್ಕೆ ಹೋಗುವ ಮುಂಚೆಯೇ ಜನ ಸಭೆ ಸೇರಿದ್ದಾರೆ. ಊರಿನ ಹೆಸರು ಬದಲಾಗಬೇಕೋ ಬೇಡವೋ ಎಂಬುದು ಇವತ್ತು ತೀರ್ಮಾನ.

ಊರು ಭಟ್ಟಿಹಾಳ. ಹಿಂದೆಂದೋ ಅಲ್ಲಿ ಸರಾಯಿ ಭಟ್ಟಿ ಇತ್ತಂತೆ. ಭಟ್ಟಿ ಹೋಯಿತು, ಸರಾಯಿಯನ್ನೇ ಸರ್ಕಾರ ನಿಷೇಧಿಸಿತು, ಹೆಸರು ಮಾತ್ರ ಬೋರ್ಡಿಗೆ ಅಂಟಿ ಕೂತಿತು. ಸುತ್ತಮುತ್ತ ಎಲ್ಲಿ ಕಳ್ಳಭಟ್ಟಿ ಸಿಕ್ಕರೂ ಪೊಲೀಸ್ ಜೀಪು ಮೊದಲು ಬರುವುದು ಇಲ್ಲಿಗೇ. ದ್ಯಾಮಣ್ಣನವರ ತಮ್ಮನನ್ನೂ ಹಾಗೆಯೇ ಎಳೆದೊಯ್ದು ಕೂಡಿಹಾಕಿ, ಏನೂ ಸಿಗದೆ ಬಿಟ್ಟರು. ತಪ್ಪಾಯಿತು ಎಂದವರಿಲ್ಲ. ದ್ಯಾಮಣ್ಣನವರ ಮಗಳು ಸುವರ್ಣಾ ನರ್ಸಿಂಗ್ ಓದಿದ್ದಾಳೆ. ಕೆಲಸ ಕೇಳಲು ಹೋದರೆ ವಿಳಾಸ ನೋಡಿದವರು ಮೊದಲು ನಗುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ನಗುವ ಮಹನೀಯರು ಆ ವಿಳಾಸ ಹೊತ್ತು ಒಂದು ದಿನ ತಿರುಗಿ ನೋಡಲಿ.

“ನನ್ನ ತಮ್ಮ ಚಾ ಬಿಟ್ಟು ಬ್ಯಾರೆ ಕುಡದಾಂವ ಅಲ್ರಿ,” ಎನ್ನುತ್ತಾರೆ ದ್ಯಾಮಣ್ಣ. “ಊರ ಹೆಸರ ಕೇಳಿ ಎತ್ತಿಕೊಂಡು ಹ್ವಾದ್ರು. ದೂರ ಕೊಡಾಕ ಹ್ವಾದ್ರ ಅದ ಠಾಣೆ, ಅದ ಕುರ್ಚಿ, ಅದ ಸಾಹೇಬ.”

ಈ ಸಿಟ್ಟಿಗೆ ದಾರಿ ತೋರಿಸಿದ್ದು ಐರ್ಲೆಂಡಿನ ರಾಜಕೀಯ. ದೋಹಾ ಅಲ್ ಜದೀದಾದಲ್ಲಿ ಬಸ್ಸು ಹತ್ತುವ ಬ್ರ್ಯಾಂಡನ್ ಐರಿಶ್ ಮನುಷ್ಯ, ಬಂದರಿನ ಕ್ರೇನುಗಳ ಮೇಲ್ವಿಚಾರಕ. ಡ್ರೈವರ್ ಹಿಂದಿನ ಸೀಟು ಅವನದೇ. ಕೂತ ಕೂಡಲೇ ದೇಶದ ಜಗಳ ಬಿಚ್ಚುತ್ತಾನೆ. ಪಬ್ಬುಗಳು ಎಷ್ಟು ಹೊತ್ತಿಗೆ ಬಾಗಿಲು ಹಾಕಬೇಕು, ತಪ್ಪು ಮಾಡಿದ ಪೊಲೀಸರನ್ನು ಕೇಳುವವರು ಯಾರು, ಊರಿನ ಬೋರ್ಡಿನ ಮೇಲೆ ಐರಿಶ್ ಹೆಸರಿರಬೇಕೋ ಇಂಗ್ಲಿಷ್ ಹೆಸರಿರಬೇಕೋ. ಪಕ್ಕದಲ್ಲಿ ಕೂರುವ ಉಡುಪಿ ಕಡೆಯ ಸ್ಟೋರ್ ಕೀಪರ್ ಅಕ್ಷಯ್ ಅದನ್ನೆಲ್ಲ ಕನ್ನಡ ಮಾಡಿ ಮುಂದಕ್ಕೆ ದಾಟಿಸುತ್ತಾರೆ. ಪೊಲೀಸರ ಮೇಲಿನ ದೂರು ಕೇಳಲು ಆ ದೇಶದಲ್ಲಿ ಬೇರೆ ಕಚೇರಿಯೇ ಇದೆ ಎಂದಾಗ ದ್ಯಾಮಣ್ಣ ನಂಬಲಿಲ್ಲ. ಊರಿನ ಹೆಸರನ್ನು ಊರವರೇ ಮತ ಹಾಕಿ ಬದಲಿಸಬಹುದು ಎಂದದ್ದು ಮಾತ್ರ ತಲೆಗೆ ಹತ್ತಿತು.

ಆದರೆ ಬ್ರ್ಯಾಂಡನ್‌ನ ಊರಿನಲ್ಲಿ ಹೆಸರಿನ ಮತದಾನ ನಡೆದಾಗ ಅವನ ಕಡೆಯವರು ಸೋತರು. “ಪಬ್ಬಿನಲ್ಲಿ ಕೂತು ಗೆದ್ದೇಬಿಟ್ಟೆವು ಅಂದುಕೊಂಡೆವು. ಪಬ್ಬಿಗೆ ಬಾರದವರನ್ನು ಯಾರೂ ಕೇಳಲೇ ಇಲ್ಲ. ಅವರೇ ಸೋಲಿಸಿದರು,” ಎಂದು ಈಗಲೂ ಗೊಣಗುತ್ತಾನೆ.

ದ್ಯಾಮಣ್ಣ ಮಾಡಿದ್ದೂ ಅದೇ ತಪ್ಪು. ಊರಿನ ಹೆಸರು ಬದಲಿಸೋಣ ಎಂದು ಅಗಸೆಕಟ್ಟೆಯ ಗಂಡಸರಿಗೆ ಮಾತ್ರ ಫೋನು ಹಚ್ಚಿದರು. ಅವರು ಉಬ್ಬಿಹೋಗಿ, ಗಲ್ಫಿನಲ್ಲಿರುವ ಮನುಷ್ಯನಲ್ಲವೇ, ‘ದ್ಯಾಮಣ್ಣನಗರ’ ಎಂದೇ ಇಡೋಣ ಎಂದರು.

“ನಾ ಏನ್ ಸತ್ತೀನೇನ್ರಲೇ, ನನ್ನ ಹೆಸರಿನ ಬೋರ್ಡ್ ಹಾಕಾಕ?” ಎಂದು ಇವರು ಬೈದರು. ಅಲ್ಲಿಗೆ ಆ ಹೆಸರು ಸತ್ತಿತು. ಕಟ್ಟೆಯ ಮೇಲಿನವರು ತಂತಮ್ಮ ಪಕ್ಷದ ಮುಖಂಡರ ಹೆಸರು ಹಿಡಿದು ಕಚ್ಚಾಡಲು ಕೂತರು.

ಜಗಳ ಬಿಡಿಸಿದವರು ದ್ಯಾಮಣ್ಣನವರ ಹೆಂಡತಿ ಬಾಳಮ್ಮ. “ಕಟ್ಟಿ ಮ್ಯಾಲ ಕುಂತವ್ರದಷ್ಟ ಊರೇನು? ಜೀಪ್ ಬಂದಾಗ ಬಾಗ್ಲದಾಗ ನಿಂದ್ರವ್ರು ನಾವು,” ಎಂದು ಫೋನಿನಲ್ಲಿ ಗಂಡನನ್ನೇ ಜಾಡಿಸಿ, ಹೆಂಗಸರನ್ನು ಕಟ್ಟಿಕೊಂಡು ಮನೆಮನೆ ತಿರುಗಿದರು. ಹೆಸರು ಹುಟ್ಟಿದ್ದು ಅಡುಗೆಮನೆಗಳಲ್ಲಿ. ಕೆರೆಯ ದಂಡೆಯಲ್ಲಿ ಎಲ್ಲ ಜಾತಿಯವರೂ ಕೂರುವ ಹಳೆಯ ಎಲಚಿ ಮರವಿದೆ. ಆ ಕಡೆ ಅದಕ್ಕೆ ಬಾರಿಗಿಡ ಎನ್ನುತ್ತಾರೆ. ಊರು ‘ಬಾರಿಗಿಡ’ ಆಗಲಿ ಎಂದರು. ದ್ಯಾಮಣ್ಣ ಖುಷಿಯಿಂದ ಕುಣಿದಾಡಿದರು. ಬಂದರಿನಲ್ಲಿ ಬಸ್ಸು ನಿಲ್ಲಿಸಿ ಅವರು ದಿನಾ ಬುತ್ತಿ ಬಿಚ್ಚುವುದು ಸಿದ್ರ್ ಮರದ ನೆರಳಲ್ಲಿ. ಅದೂ ಎಲಚಿಯ ದಾಯಾದಿಯೇ.

ಇವತ್ತು ಬಸ್ಸು ಹೆದ್ದಾರಿ ಹಿಡಿದಿದೆಯಷ್ಟೇ, ಡಬ್ಬಿಯೊಳಗೆ ಫೋನು ಗುಂಯ್‌ಗುಡುತ್ತದೆ.

“ದ್ಯಾಮಣ್ಣ, ಡಬ್ಬಿ ಬಡ್ಕೊಳ್ತಾ ಉಂಟು ಮಾರಾಯ್ರೆ. ನಾನು ತೆಗಿಲಿಕ್ಕಾ?” ಅಕ್ಷಯ್ ಕೈ ಚಾಚಿಯಾಗಿದೆ.

“ಮುಟ್ಟಬ್ಯಾಡ್ರಿ. ಗಾಡಿ ಓಡೂತನಾ ಫೋನ್ ಮಾಫಿ, ಇಲ್ಲಂದ್ರ ಇಲ್ಲ.”

“ನೀವು ಮಾತಾಡುದು ಬೇಡ. ನಾನೇ ಕೇಳಿ ಹೇಳ್ತೇನೆ.”

“ಸೋತೀವಿ ಅಂದ್ರ ಕೈ ನಡಗತಾವ, ಗೆದ್ದೀವಿ ಅಂದ್ರೂ ನಡಗತಾವ. ಹಿಂದ ನಲವತ್ತು ಮಂದಿ ಕುಂತಾರ.”

ಡಬ್ಬಿ ಮತ್ತೆ ಗುಂಯ್‌ಗುಡುತ್ತದೆ. ಹಿಂದಿನ ಸೀಟುಗಳವರು ಡಬ್ಬಿಯ ಕಡೆ ಕತ್ತು ಚಾಚುತ್ತಾರೆ. ಬ್ರ್ಯಾಂಡನ್ ತೊಡೆಯ ಮೇಲೆ ಬೆರಳು ಕುಟ್ಟುತ್ತಾನೆ. ಸೂರ್ಯ ಕ್ರೇನುಗಳ ಮೇಲೇರಿ ಕಣ್ಣಿಗೆ ಹೊಡೆಯುತ್ತಾನೆ. ದ್ಯಾಮಣ್ಣ ಕತ್ತು ಹೊರಳಿಸುವುದಿಲ್ಲ, ವೇಗದ ಮುಳ್ಳು ಕೂಡ ಅಲುಗುವುದಿಲ್ಲ. ಬಂದರಿನ ಗೇಟು ದಾಟಿ, ಸಿದ್ರ್ ಮರದಡಿ ಹ್ಯಾಂಡ್ ಬ್ರೇಕ್ ಎಳೆದ ಮೇಲೂ ಯಾರೊಬ್ಬರೂ ಇಳಿಯುವುದಿಲ್ಲ.

ಈಗ ಡಬ್ಬಿ ತೆರೆಯುತ್ತದೆ. ಸ್ಪೀಕರಿನಲ್ಲಿ ಬಾಳಮ್ಮನ ದನಿ: “ಎಲ್ಲಾರೂ ಕೈ ಎತ್ತಿದ್ರು. ಕಟ್ಟಿ ಮ್ಯಾಲಿನವ್ರೂ ಎತ್ತಿದ್ರು, ಹೆಂಡ್ರು ಎದುರಿಗಿದ್ರಲ್ಲ.”

ಬಸ್ಸಿನ ತಗಡು ಹಾರಿಹೋಗುವಂತೆ ಕೇಕೆ. ಅಕ್ಷಯ್ ಸುದ್ದಿ ದಾಟಿಸಿದ್ದೇ ತಡ, “ನಮ್ಮೂರಿಗೂ ಈ ಹೆಂಗಸನ್ನು ಕಳಿಸಿಕೊಡಿ,” ಎನ್ನುತ್ತಾನೆ ಬ್ರ್ಯಾಂಡನ್.

“ಪಾರ್ಟಿ ಎಂತದು ದ್ಯಾಮಣ್ಣ?” ಅಕ್ಷಯ್ ಕೇಳುತ್ತಾರೆ.

“ಕರಕ್ ಚಾ. ಅದ್ರ ಮ್ಯಾಲ ಖಲಾಸ್.”

ಸಭೆಯ ಠರಾವು ಇನ್ನೂ ಮೇಲಿನ ಕಚೇರಿಗಳನ್ನು ಹತ್ತಿ ಇಳಿಯಬೇಕು. ಅಲ್ಲಿ ಕೂತವರು ಅದನ್ನು ತಿಂಗಳುಗಟ್ಟಲೆ ಕಡತದಡಿ ಒತ್ತಿಟ್ಟುಕೊಂಡರೆ ಬಾಳಮ್ಮ ಬಾಗಿಲಿಗೇ ಹೋಗುತ್ತಾರೆ, ನೆನಪಿರಲಿ. ದ್ಯಾಮಣ್ಣನವರಿಗೆ ಬೇಕಾದದ್ದು ದೊಡ್ಡದೇನಲ್ಲ.

“ರಜಾಕ್ಕ ಹ್ವಾದಾಗ ಊರ ಬಸ್ ಹತ್ತತೀನ್ರಿ. ಡ್ರೈವರ್ ಸೀಟಿನಾಗಲ್ಲ, ಹಿಂದ. ಕಂಡಕ್ಟರ್ ‘ಯಾರ್ರೀ ಬಾರಿಗಿಡ, ಇಳೀರಿ’ ಅಂತ ಒದರಬೇಕು. ನಾ ಇಡೀ ಬಸ್ಸಿಗೆ ಕೇಳೂವಂಗ ‘ನಾನರೀ’ ಅನಬೇಕು.”