ರಸೂಲನ ರುಮಾಲು

ನಾನು ನಿಂತಿದ್ದುದು ಮಾರಿಕಣಿವೆ ಹತ್ತಿರದ ಒಂದು ಕಲ್ಲುಗಣಿಯ ಮೂಡಣ ಅಂಚಿನಲ್ಲಿ, ಕೆಂಪು ಬಾವುಟದ ಪಕ್ಕ. ಕಣಿವೆಯ ಕಟ್ಟೆ ಆಗಿನ್ನೂ ಅರ್ಧ ಎದ್ದಿತ್ತು. ಬಿಸಿಲು ನೆತ್ತಿಗೆ ಬಂದಿರಲಿಲ್ಲ. ನನ್ನ ಕೈಯಲ್ಲಿ ರಸೂಲನ ರುಮಾಲಿತ್ತು.

ಹಳೆಯ ಸಂಗತಿ. ಈಗ ನೆನಪಿಸಿದವರು ಪಕ್ಕದ ಮನೆಯ ಗುಮಾಸ್ತರು. ಹೋದ ವಾರ ನಮ್ಮ ಜಗಲಿಯಲ್ಲಿ ಕುಳಿತು, "ಪ್ರಮೋಷನ್ ಬಂದೈತೆ. ನಿನ್ನೆವರೆಗೂ ಜೊತೆಗೆ ಕುಂತು ಉಂಡೋರ ಮೇಲೆ ಹೆಂಗ್ರಿ ದರ್ಬಾರು ಮಾಡೋದು? ಒಪ್ಕೊಳ್ಳೋದೋ ಬ್ಯಾಡ್ವೋ?" ಎಂದರು. (ಅವರ ಹೆಂಡತಿ ಆಗಲೇ ಓಣಿಗೆಲ್ಲ ಸಕ್ಕರೆ ಹಂಚಿಯಾಗಿತ್ತು. ಪಾಪ!)

ನಮ್ಮ ಗಣಿಯಲ್ಲಿ ಬಂಡೆಗೆ ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚುತ್ತಿದ್ದವನು ರಸೂಲ್. ನಾನು ಅವನ ಜೋಡಿ. ಹಚ್ಚಲು ಹೋಗುವ ಮುನ್ನ ರುಮಾಲು ಬಿಚ್ಚಿ ನನಗೆ ಕೊಡುವನು. ಓಡಿ ಬಂದು ಇಸಕೊಳ್ಳುವನು. ಬತ್ತಿ ಉರಿದರೂ ಮದ್ದು ಸಿಡಿಯದಿದ್ದರೆ? ಹಚ್ಚಿದವನೇ ಹೋಗಿ ನೋಡಬೇಕು. ಕೆಂಪು ಬಾವುಟ ಹಿಡಿದು ಜನರನ್ನು ದೂರ ನಿಲ್ಲಿಸುವುದೂ, "ಹೋಗು" ಎನ್ನುವುದೂ ಮೇಸ್ತ್ರಿಯ ಕೆಲಸ.

ಹಳೆಯ ಮೇಸ್ತ್ರಿ ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ನನಗೆ ನಾಲ್ಕು ಅಕ್ಷರ ಬರುತ್ತಿತ್ತೆಂದು ಗುತ್ತಿಗೆದಾರರು ಆ ಜಾಗಕ್ಕೆ ನನ್ನನ್ನು ಕರೆದರು. "ಇವತ್ತೊಂದಿನ ನಿಂತು ನೋಡು. ಸಂಜಿಗೆ ಹೇಳು."

ಅವತ್ತೇ ಒಂದು ಕುಳಿ ಸಿಡಿಯಲಿಲ್ಲ.

ಗುತ್ತಿಗೆದಾರರು ನನ್ನ ಮುಖ ನೋಡಿದರು. ರಸೂಲನೂ ನೋಡಿದ. ನಾನು ಕುಳಿಯತ್ತಲೇ ನೋಡುತ್ತಿದ್ದೆ.

"ಏನಾರ ಹೇಳ್ಲೇ," ಎಂದ ರಸೂಲ್. "ಬಾಯಾಗೆ ಕಡ್ಲೆ ಐತೇನು?"

"ಯಾರೂ ಹೋಗೋದು ಬ್ಯಾಡ. ಉಣ್ಣಾಣ," ಎಂದೆ.

"ಈಗ್ಲೇ ಊಟವೇನಪ್ಪ? ಪುಕ್ಕಲನ್ನ ತಂದು ನಿಲ್ಲಿಸಿದೆನಲ್ಲ!" ಎಂದು ಗುತ್ತಿಗೆದಾರರು ರೇಗಿದರು. ಹೌದು, ಪುಕ್ಕಲನೇ. ಜಾಣತನ ಏನೂ ಇರಲಿಲ್ಲ. ಬರೀ ಹೆದರಿಕೆ.

ಬುತ್ತಿ ಬಿಚ್ಚಿದೆವು. ರಸೂಲ್ ರೊಟ್ಟಿ ಮುರಿದು ಅರ್ಧ ನನ್ನತ್ತ ಚಾಚಿದ್ದ. ಆಗ ಆ ಕುಳಿ ಸಿಡಿಯಿತು. ಚಾಚಿದ ಕೈ ಹಾಗೇ ನಿಂತಿತು. ಕಲ್ಲುಪುಡಿ ಬಂದು ರೊಟ್ಟಿಯ ಮೇಲೆ ಕೂತಿತು.

ಸಂಜೆ ರಸೂಲನಿಗೆ, "ನನ್ನ ಕೈಲಾಗಲ್ಲ ಅಂತ ಹೇಳಿಬಿಡ್ತೀನಿ," ಎಂದೆ.

"ನೀನು ಬ್ಯಾಡ ಅಂದ್ರೆ ಹೆದರದೋನ್ನ ಕರ್ಕಂಡು ಬರ್ತಾರೆ ಕಣ್ಲೇ," ಎಂದ. "ಅವನು ಕಳಿಸ್ತಾನೆ."

ಒಪ್ಪಿಕೊಂಡೆ.

ಮರುದಿನ ರಸೂಲ್ ರುಮಾಲು ಬಿಚ್ಚಿದ. ನಾನು ಕೈ ನೀಡಿದೆ. ಅವನು ಅದನ್ನು ಹೊಸ ಜೋಡಿ ಬಾಗೂರಿನ ಸಿದ್ದಪ್ಪನಿಗೆ ಕೊಟ್ಟ. "ಬಾವುಟ ಹಿಡಿಯೋ ಕೈಯಾಗೆ ಬ್ಯಾರೇದು ಇರಬಾರ್ದ್ರಿ, ಮೇಸ್ತ್ರಿ," ಎಂದ. ನಗುತ್ತಲೇ ಅಂದ. ಆದರೂ ಬಾವುಟ ಹಿಡಿದ ಕೈ ಅವತ್ತು ಖಾಲಿ ಖಾಲಿ ಅನಿಸಿತು.

ಗುಮಾಸ್ತರಿಗೆ ಇಷ್ಟನ್ನೇ ಹೇಳಿದೆ.

"ಹಂಗಾದ್ರೆ ಒಪ್ಕೊಳ್ಳಾಣ ಅಂತೀರಾ?"

"ಹೆದರಿಕೆ ಇದ್ದರೆ ಒಪ್ಪಿಕೊಳ್ಳಿ," ಎಂದೆ.

ಅವತ್ತು ಅಲ್ಲಿದ್ದು ಕಂಡವರಲ್ಲಿ ನನ್ನನ್ನು ಬಿಟ್ಟರೆ ಈಗ ಉಳಿದಿರುವವರು ಇಬ್ಬರು. ಸಿದ್ದಪ್ಪ ಬಾಗೂರಿನಲ್ಲಿದ್ದಾನೆ. ರಸೂಲ್ ಹಿರಿಯೂರಿನಲ್ಲಿದ್ದಾನೆ; ಸಂತೆಗೆ ಬರುವಾಗ ಮೊಮ್ಮಗಳು ಅವನ ಹೆಗಲ ಮೇಲೆ ಕುಳಿತು, ಎರಡೂ ಕೈಯಲ್ಲಿ ಅವನ ರುಮಾಲು ಹಿಡಿದುಕೊಂಡಿರುತ್ತಾಳೆ.